ಯಾರ ವಾಸನಿಯೂ ಇಲ್ಲದ ಜಾಗ

ಡಾಂಬರಗ ಒಬ್ಬಂಟಿ ಅನಸ್ತೈತಿ ಅಂತ
ಡಿಪೋದಿಂದ ಬರೂಮುಂದ ಮನಿಯವರು
ರಟ್ಟಿನ ಡಬ್ಬಿಯೊಳಗ ಇನ್ನೊಂದು ಮೊಲ ತಂದರು.
ಬಿಳೀದು. ಕಿವಿಯೊಳಗ ಗುಲಾಬಿ ನರ.
ಹೆಸರು ಬತ್ತಾಸ.

ಒಬ್ಬಂಟಿ ಅಂತ ಡಾಂಬರ ಯಾರಿಗೂ ಹೇಳಿರಲಿಲ್ಲ.
ಹೊಲಿಗಿ ಮಿಷನ್ನಿನ ಕೆಳಗ, ನನ್ನ ಪಾದದ ಹತ್ತರ
ಜಂಪರಿನ ಚಿಂದಿ ಹಾಸಿಕೊಂಡು
ಸುಖವಾಗೇ ಇತ್ತು.

ಮೊದಲ ಭೆಟ್ಟಿ ಅರ್ಧ ನಿಮಿಷ.
ಕರಿ ಕೂದಲು, ಬಿಳಿ ಕೂದಲು
ಹತ್ತಿ ಜಿನ್ನಿನೊಳಗ ಹಾರಿಧಂಗ ಹಾರಿದ್ವು.
ಬಿಡಸಾಕ ಹೋದ ನನ್ನ ಹೆಬ್ಬೆರಳಿಗೆ
ಎರಡು ಹಲ್ಲಿನ ಗುರುತು.
ಯಾರವು ಅಂತ ಇನ್ನೂ ಗೊತ್ತಿಲ್ಲ.

ಧಾರವಾಡಕ್ಕ ಒಯ್ದು ಎರಡಕ್ಕೂ ಆಪರೇಷನ್ ಮಾಡಿಸಿದಿವಿ.
ಒಂದೂವರಿ ತಿಂಗಳ ತಡೀರಿ ಅಂದರು ಡಾಕ್ಟರು,
ರಕ್ತದಾಗಿನ ಸಿಟ್ಟು ಇಳಿಯಾಕ ಅಷ್ಟು ಬೇಕು.
ತಡದಿವಿ.
ಇದರ ಕೌದಿ ಅದಕ್ಕ, ಅದರ ಕೌದಿ ಇದಕ್ಕ ಹಾಸಿದಿವಿ.
ಡಾಂಬರ ಮೂಸಿತು, ಹಿಂಗಾಲು ನೆಲಕ್ಕ ಬಡೀತು,
ಕೌದಿ ಮ್ಯಾಲೇ ಉಚ್ಚಿ ಹೊಯ್ತು.
ನಡುವ ಜಾಳಗಿ ನಿಲ್ಲಿಸಿ ಹಕ್ಕರಿಕಿ ಹಾಕಿದರ
ಬೆನ್ನು ತಿರುವಿ ತಿಂದ್ವು,
ಮದುವಿ ಪಂಕ್ತಿಯಾಗ ಮುನಿಸಿಕೊಂಡ ಬೀಗರು.

ಹೆದರಿಕಿ ಕೂಡಸ್ತೈತಿ ಅಂದರು ಮನಿಯವರು.
ಒಂದೇ ಬುಟ್ಟಿಯೊಳಗ ಇಟ್ಟು, ಸ್ಕೂಟರಿಗೆ ಬಿಗದು
ನವನಗರದ ಸೆಕ್ಟರು ಸೆಕ್ಟರು ತಿರಗಿಸಿದರು.
ತೆಗ್ಗು ಬಂದಲ್ಲೆಲ್ಲಾ ಒಂದರ ಕುತ್ತಿಗ್ಯಾಗ ಒಂದು ಮುಖ.
ಸ್ಕೂಟರ್ ನಿಂತಕೂಡಲೇ
ಮತ್ತ ಕೂದಲು.

ನಮ್ಮತ್ತಿ ಜ್ವಾಳ ಹಸನ ಮಾಡಕೋತ ನೋಡತಿದ್ದಳು.
'ಇದು ಜಾಗದ ತಕರಾರು' ಅಂದಳು.
'ಮನಿತುಂಬ ಕರೀದರ ವಾಸನಿ ಐತಿ,
ಬಿಳೀದು ಎಲ್ಲಿ ಕಾಲು ಊರೀತು?
ಯಾರ ವಾಸನಿಯೂ ಇಲ್ಲದ ಜಾಗ ನೋಡ.'

ಮೊರದಾಗಿನ ಹಳ್ಳು ಆರಿಸಿ ಒಗದು, ಆಮ್ಯಾಲ:
'ಹಿನ್ನೀರು ಬಂದು ಹಳೇ ಊರು ಬಿಟ್ಟಾಗ
ಇಲ್ಲಿ ಮನಿಗೆ ಹೆಸರಿರಲಿಲ್ಲ, ನಂಬರಿತ್ತು.
ಗಿಡ ಇರಲಿಲ್ಲ, ನೆಳ್ಳು ಇರಲಿಲ್ಲ.
ಮಗ್ಗಲ ಮನಿ ಖೈರುನ್‌ಬಿ ಬ್ಯಾರೆ ಓಣಿಯಾಕಿ,
ಎರಡು ವರ್ಷ ನಾ ಆಕಿನ್ನ ಉಪ್ಪು ಸೈತ ಕೇಳಲಿಲ್ಲ.'

ಮತ್ತ ಹೆಂಗ ಕೂಡಿದ್ರಿ ಅತ್ತಿ?

'ಕೂಡಲಿಲ್ಲ. ನಳದ ಪಾಳಿಯೊಳಗ ದಿನಾ ನಿಂತಿವಿ.
ಒಂದಿನ ಆಕಿ ಕೊಡ ಎತ್ತಿಕೊಟ್ಟೆ.
ಯಾಕ ಅಂತ ಕೇಳಬ್ಯಾಡ.
ಭಾರ ಇತ್ತು.'

ಹಂಗಾಗಿ ಖೈರುನ್‌ಬಿಯ ಬಚ್ಚಲಮನಿ.
ಆಕಿ ಬಕೆಟ್ಟು ಹೊರಗಿಟ್ಟು, ಫಿನೈಲ್ ಹಾಕಿ ತೊಳದು
'ನನಗ ಜಳಕಾನೂ ಬಿಡಿಸಿದ್ರಿ' ಅಂದು ನಕ್ಕಳು.
ದಿನಾ ಊಟಾದಮ್ಯಾಲ ಅಲ್ಲಿ ಕುಂದ್ರತಿದ್ದಿವಿ,
ನಾನು ದಪ್ಪ ಟವೆಲ್ ಹಿಡಕೊಂಡು,
ಬಾಗಲದಾಗ ಮುದುಕೇರಿಬ್ಬರು ಎಲಿಅಡಕಿ ಹಾಕ್ಕೋತ.

ಮೊದಲ ವಾರ ಬೆನ್ನಟ್ಟಿದ್ವು. ತಿರಗಿದ್ವು.
ಆಮ್ಯಾಲ ಮೂಲಿಗೊಂದು ಕೂತು
ಏನೂ ಆಗಿಲ್ಲ ಅನ್ನೂಹಂಗ ಮೈ ನೆಕ್ಕಿಕೊಂಡ್ವು.
ಹತ್ತನೇ ದಿನ ಡಾಂಬರ ಮುಂದ ಬಂತು,
ತಲಿ ನೆಲಕ್ಕ ಹಚ್ಚಿತು.
ಬತ್ತಾಸನೂ ಬಂತು,
ತಲಿ ನೆಲಕ್ಕ ಹಚ್ಚಿತು.
ನೀ ನೆಕ್ಕು ಮೊದಲು. ಇಲ್ಲ, ನೀ ನೆಕ್ಕು.
ಹಣಿಗೆ ಹಣಿ, ಬಾಳೊತ್ತು.
ನನ್ನ ಮಣಕಾಲು ಜೋಮು ಹಿಡೀತು.

ಆಗ ಕರೆಂಟು ಹೋತು.

ಕತ್ತಲ್ಯಾಗ ನಾ ಟವೆಲ್ ಬಿಗಿ ಹಿಡದೆ.
ಗುದ್ದಾಟದ ಸಪ್ಪಳ ಬರಲಿಲ್ಲ.
ಅಡಕೊತ್ತಿನ ಸಪ್ಪಳ ಬಂತು,
ಆಮ್ಯಾಲ ಅದೂ ನಿಂತಿತು.

ದೀಪ ಬಂದಾಗ ಎರಡೂ ಅಲ್ಲೇ ಇದ್ದುವು,
ಹಂಗೇ ತಲಿ ತಗ್ಗಿಸಿ.
ಬತ್ತಾಸನ ಹಣಿಮ್ಯಾಲ ಮಾತ್ರ
ನಾಕಾಣೆಯಷ್ಟು ಜಾಗ ಹಸಿ,
ಕೂದಲು ಒಂದಕ್ಕೊಂದು ಅಂಟಿ, ಮುಳ್ಳುಮುಳ್ಳಾಗಿ.

ನಾ ಏನೋ ಅನ್ನಾಕ ಬಾಯಿ ತೆಗದೆ.
ಖೈರುನ್‌ಬಿ ತುಟಿಮ್ಯಾಲ ಬಟ್ಟಿಟ್ಟಳು.
ಅತ್ತಿ ಆ ಕಡೆ ಮುಖ ತಿರಿವಿ
ಸುಣ್ಣದ ಡಬ್ಬಿ ಹುಡಕತಿದ್ದಳು,
ಕೈಯಾಗೇ ಇತ್ತು ಅದು.